ಕೆಲಸದ ಅರ್ಜಿ: ಎಡವುವುದು ಯಾವ ಕಾಲಂನಲ್ಲಿ?

ಕೆಲಸಕ್ಕೆ ಅರ್ಜಿ ತುಂಬುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಕೊಟ್ಟಿದ್ದೇವೆ. ಕೇಳಿದವರ ಹೆಸರು ಹಾಕಿಲ್ಲ.

ಪದವಿ ಮುಗಿಸಿ ಒಂದು ವರ್ಷವಾಯಿತು. ಕಂಡ ಕಂಡ ಕೆಲಸಕ್ಕೆಲ್ಲ ಅರ್ಜಿ ಹಾಕುತ್ತಿದ್ದೇನೆ, ಸಂದರ್ಶನಕ್ಕೆ ಕರೆಯೇ ಬರುತ್ತಿಲ್ಲ. ಅರ್ಜಿ ತುಂಬುವುದರಲ್ಲೇ ಏನಾದರೂ ತಪ್ಪುತ್ತಿದೆಯೇ?

ಕಂಡ ಕಂಡ ಕೆಲಸಕ್ಕೆ ಎಂದಿರಲ್ಲ, ತೊಡಕು ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಹೆಚ್ಚಿನವರು ಜಾಹೀರಾತಿನ ಮೇಲೆ ಕಣ್ಣಾಡಿಸಿ ನೇರವಾಗಿ ಅರ್ಜಿ ನಮೂನೆಗೆ ಹೋಗುತ್ತಾರೆ. ಸಮಯ ಕೊಡಬೇಕಾದದ್ದು ಜಾಹೀರಾತಿಗೆ. ಅರ್ಜಿಗಳನ್ನು ಸೋಸುವವರ ಮುಂದೆ ಒಂದು ಪಟ್ಟಿ ಇರುತ್ತದೆ, ಮತ್ತು ಆ ಪಟ್ಟಿ ಹುಟ್ಟುವುದು ಜಾಹೀರಾತಿನಲ್ಲಿ ಕೇಳಿದ ಅರ್ಹತೆಗಳಿಂದಲೇ. ಒಂದು ಅರ್ಹತೆಗೆ ಅರ್ಜಿಯಲ್ಲಿ ಆಧಾರ ಕಂಡರೆ ಗುರುತು ಹಾಕುತ್ತಾರೆ, ಕಾಣದಿದ್ದರೆ ಮುಂದಿನ ಅರ್ಜಿಗೆ ಹೋಗುತ್ತಾರೆ. ನಿಮ್ಮಲ್ಲಿ ಆ ಅರ್ಹತೆ ಇದ್ದೂ ಅರ್ಜಿಯಲ್ಲಿ ಕಾಣದಿದ್ದರೆ, ಅವರ ಪಾಲಿಗೆ ಅದು ಇಲ್ಲ. ನೂರಾರು ಅರ್ಜಿ ನೋಡುವವರು ನಿಮ್ಮ ಪರವಾಗಿ ಊಹಿಸಿಕೊಳ್ಳಲು ಕೂರುವುದಿಲ್ಲ, ಊಹಿಸಿಕೊಳ್ಳಲೂಬಾರದು.

ಜಾಹೀರಾತನ್ನು ಮುದ್ರಿಸಿಕೊಳ್ಳಿ. ‘ಕಡ್ಡಾಯ’, ‘ಕನಿಷ್ಠ’ ಎಂಬ ಪದಗಳಿರುವ ಸಾಲುಗಳಿಗೆ ಒಂದು ಬಣ್ಣ, ‘ಅಪೇಕ್ಷಣೀಯ’, ‘ಆದ್ಯತೆ ನೀಡಲಾಗುವುದು’ ಎಂಬ ಸಾಲುಗಳಿಗೆ ಇನ್ನೊಂದು ಬಣ್ಣ ಹಚ್ಚಿ. ಒಂದು ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿ. ಎಡಕ್ಕೆ ಅವರು ಕೇಳಿದ್ದನ್ನು ಒಂದೊಂದಾಗಿ ಬರೆಯಿರಿ, ಬಲಕ್ಕೆ ಅದನ್ನು ನೀವು ಎಲ್ಲಿ, ಯಾವಾಗ ಮಾಡಿದಿರಿ, ಅದಕ್ಕೆ ಯಾವ ದಾಖಲೆ ಇದೆ ಎಂದು ಬರೆಯಿರಿ. ಅರ್ಧ ಗಂಟೆಯ ಕೆಲಸ ಇದು. ಕಡ್ಡಾಯವೆಂದ ಪದವಿಯೋ ಪರವಾನಗಿಯೋ ನಿಮ್ಮಲ್ಲಿ ಇಲ್ಲದಿದ್ದರೆ ಆ ಅರ್ಜಿಯನ್ನು ಬಿಟ್ಟುಬಿಡಿ, ಮಾತಿನ ಚಾತುರ್ಯದಿಂದ ಅದನ್ನು ತುಂಬಲಾಗದು. ಅಪೇಕ್ಷಣೀಯ ಸಾಲುಗಳಲ್ಲಿ ಒಂದೆರಡು ಖಾಲಿ ಉಳಿದರೆ ಅಂಜಬೇಡಿ, ಧಾರಾಳವಾಗಿ ಅರ್ಜಿ ಹಾಕಿ.

ಈ ಹಾಳೆ ಕೊನೆಯವರೆಗೂ ನಿಮ್ಮ ಪಕ್ಕದಲ್ಲಿರಲಿ. ಕೆಳಗಿನ ಒಂದು ಉತ್ತರದಲ್ಲಿ ಮತ್ತೆ ಇದರ ಮಾತು ಬರುತ್ತದೆ.

ಕೈಯಿಂದ ತುಂಬುವ ಅರ್ಜಿಯಲ್ಲಿ ತಪ್ಪಾದರೆ ವೈಟ್ನರ್ ಹಚ್ಚಬಹುದೇ? ನನಗೆ ಸಂಬಂಧಿಸದ ಕಾಲಂಗಳನ್ನು ಖಾಲಿ ಬಿಡಬಹುದೇ?

ವೈಟ್ನರ್ ಬೇಡ. ಅದರಡಿ ಏನಿತ್ತು ಎಂಬ ಅನುಮಾನಕ್ಕೆ ಎಡೆಯಾಗುತ್ತದೆ. ಮುಖ್ಯವಾಗಿ ಹುಟ್ಟಿದ ದಿನಾಂಕ, ಅಂಕಗಳ ಕಾಲಂಗಳಲ್ಲಿ ಅದನ್ನು ತಿದ್ದುಪಡಿ ಎನ್ನುವುದಕ್ಕಿಂತ ಮರೆಮಾಚುವಿಕೆ ಎಂದೇ ಓದುವವರು ಹೆಚ್ಚು. ತಪ್ಪಾದ ಪದದ ಮೇಲೆ ಒಂದೇ ಒಂದು ಅಡ್ಡಗೆರೆ ಎಳೆಯಿರಿ, ಕೆಳಗಿನ ಅಕ್ಷರ ಓದಲು ಬರುವಂತಿರಲಿ. ಸರಿಯಾದದ್ದನ್ನು ಮೇಲೆ ಬರೆದು ಪಕ್ಕದಲ್ಲಿ ಕಿರುಸಹಿ ಹಾಕಿ. ಒಂದು ಅಂಕಿಯನ್ನು ಇನ್ನೊಂದರ ಮೇಲೆಯೇ ತಿದ್ದಿ ಬರೆಯುವುದೂ ಬೇಡ. 3ನ್ನು 8 ಮಾಡಲು ಹೋದರೆ ಅದು ಎರಡೂ ಅಲ್ಲದಂತೆ ಕಾಣುತ್ತದೆ.

ಈ ತೊಂದರೆ ಬಾರದಿರಲು ನಮೂನೆಯನ್ನು ಮೊದಲು ಜೆರಾಕ್ಸ್ ಮಾಡಿಸಿ, ಪ್ರತಿಯ ಮೇಲೆ ಪೆನ್ಸಿಲಿನಲ್ಲಿ ಪೂರ್ತಿ ತುಂಬಿ ನೋಡಿ. ವಿಳಾಸ ಮೂರು ಸಾಲಿನಲ್ಲಿ ಹಿಡಿಯುವುದಿಲ್ಲ, ಸಂಸ್ಥೆಯ ಹೆಸರು ಚೌಕಗಳಿಗಿಂತ ಉದ್ದವಾಗಿದೆ ಎಂಬುದೆಲ್ಲ ಆಗಲೇ ಗೊತ್ತಾಗುತ್ತದೆ. ಮೂಲ ಪ್ರತಿಗೆ ಅವರು ಹೇಳಿದ ಬಣ್ಣದ ಶಾಯಿ, ಹೇಳದಿದ್ದರೆ ಕಪ್ಪು ಬಾಲ್‌ಪೆನ್. ಸ್ಕ್ಯಾನ್ ಮಾಡಿದಾಗ ಕಪ್ಪು ಚೆನ್ನಾಗಿ ಮೂಡುತ್ತದೆ, ನೀರು ತಾಗಿದರೆ ಜೆಲ್ ಪೆನ್ನಿನಂತೆ ಸುಲಭವಾಗಿ ಹರಡುವುದಿಲ್ಲ. ಚೌಕಗಳಿರುವಲ್ಲಿ ಚೌಕಕ್ಕೆ ಒಂದೇ ಅಕ್ಷರ, ಎರಡು ಪದಗಳ ನಡುವೆ ಒಂದು ಖಾಲಿ ಚೌಕ.

ಸಂಬಂಧಿಸದ ಕಾಲಂಗಳಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆಯಿರಿ. ಖಾಲಿ ಬಿಟ್ಟರೆ ನೀವು ಮರೆತಿರೋ, ಉತ್ತರ ತಪ್ಪಿಸಿದಿರೋ, ನಿಜಕ್ಕೂ ಸಂಬಂಧವಿಲ್ಲವೋ ಎಂದು ತಿಳಿಯುವ ದಾರಿ ಅವರಿಗಿಲ್ಲ. ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಎಂದಿರುವ ಭಾಗವನ್ನು ಮಾತ್ರ ಮುಟ್ಟಬೇಡಿ.

ಒಂದೊಂದು ದಾಖಲೆಯಲ್ಲಿ ನನ್ನ ಹೆಸರು ಒಂದೊಂದು ಥರ ಇದೆ. ಅರ್ಜಿಯಲ್ಲಿ ಯಾವುದನ್ನು ಬರೆಯಲಿ?

ಜಾಹೀರಾತಿನಲ್ಲೇ ಅದಕ್ಕೆ ಸೂಚನೆ ಇದೆಯೇ ಎಂದು ಮೊದಲು ನೋಡಿ. ಕೆಲವರು ಶಾಲಾ ಪ್ರಮಾಣಪತ್ರದಲ್ಲಿರುವಂತೆ ಎನ್ನುತ್ತಾರೆ, ಕೆಲವರು ಸಂದರ್ಶನದ ದಿನ ತೋರಿಸುವ ಗುರುತಿನ ಚೀಟಿಯಲ್ಲಿರುವಂತೆ ಎನ್ನುತ್ತಾರೆ. ಸೂಚನೆ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಗುರುತಿನ ಚೀಟಿಯಲ್ಲಿರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ಬರೆದು, ‘ಹಿಂದಿನ ಹೆಸರು’ ಅಥವಾ ‘ಇತರ ಹೆಸರು’ ಎಂಬ ಕಾಲಂನಲ್ಲಿ ಅಂಕಪಟ್ಟಿಯಲ್ಲಿರುವುದನ್ನು ಕೊಡಿ. ಅಂಥ ಕಾಲಂ ಇಲ್ಲವಾದರೆ ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಒಂದು ಸಾಲು ಸಾಕು: ‘ಪದವಿ ಪ್ರಮಾಣಪತ್ರದಲ್ಲಿ ನನ್ನ ಹೆಸರು ಹೀಗಿದೆ, ಎರಡೂ ನನ್ನವೇ, ಹೆಸರು ಬದಲಾವಣೆಯ ದಾಖಲೆ ಲಗತ್ತಿಸಿದೆ.’ ದಾಖಲೆ ಪರಿಶೀಲನೆಯ ದಿನ ಅವರೇ ಕಂಡುಹಿಡಿಯುವುದಕ್ಕಿಂತ ನೀವೇ ಮೊದಲು ಹೇಳಿದ್ದು ಎಷ್ಟೋ ಮೇಲು.

ಹೆಸರು ಒಂದೇ ಪದವಾಗಿದ್ದು, ಆನ್‌ಲೈನ್ ನಮೂನೆ ಕೊನೆಯ ಹೆಸರಿಲ್ಲದೆ ಮುಂದೆ ಹೋಗಲು ಬಿಡದಿದ್ದರೆ ಸಹಾಯ ಪುಟ ನೋಡಿ, ಅಲ್ಲಿ ಸಿಗದಿದ್ದರೆ ಸಹಾಯವಾಣಿಗೆ ಬರೆದು ಕೇಳಿ. ಇಲ್ಲದ ಹೆಸರನ್ನು ನೀವೇ ಸೃಷ್ಟಿಸಿ ತುಂಬಿದರೆ ಮುಂದೆ ಪ್ರವೇಶಪತ್ರ, ನೇಮಕಾತಿ ಆದೇಶ ಎಲ್ಲದರಲ್ಲೂ ಅದೇ ಮುದ್ರಣವಾಗಿ ಬರುತ್ತದೆ.

ದಿನಾಂಕದಲ್ಲೂ ಇಂಥದೇ ಅಪಾಯವಿದೆ. 03/04/2024 ಎಂದರೆ ಏಪ್ರಿಲ್ 3 ಎನ್ನುವವರೂ ಇದ್ದಾರೆ, ಮಾರ್ಚ್ 4 ಎನ್ನುವವರೂ ಇದ್ದಾರೆ. ಬೇರೆ ದೇಶದ ಸಂಸ್ಥೆಗೆ ಅರ್ಜಿ ಹಾಕುವಾಗ ಕಾಲಂನ ಪಕ್ಕದ ಮಾದರಿಯನ್ನು ತಪ್ಪದೆ ನೋಡಿ. ಮಾದರಿ ಕೊಟ್ಟಿರದಿದ್ದರೆ ತಿಂಗಳನ್ನು ಅಕ್ಷರದಲ್ಲಿ ಬರೆದುಬಿಡಿ.

ಶೇಕಡಾವಾರು ಅಂಕ ಹಾಕುವುದು ಹೇಗೆ? ಎರಡು ವರ್ಷಗಳ ಶೇಕಡಾ ಕೂಡಿಸಿ ಎರಡರಿಂದ ಭಾಗಿಸಿದರೆ ಸರಿಯೇ?

ಎರಡೂ ವರ್ಷ ಒಟ್ಟು ಅಂಕಗಳು ಒಂದೇ ಆಗಿದ್ದರೆ ಮಾತ್ರ ಸರಿ. ಮೊದಲ ವರ್ಷ 500ಕ್ಕೆ 300, ಅಂದರೆ ಶೇ. 60. ಎರಡನೇ ವರ್ಷ 750ಕ್ಕೆ 540, ಅಂದರೆ ಶೇ. 72. ನೀವು ಹೇಳಿದಂತೆ ಮಾಡಿದರೆ 66 ಬರುತ್ತದೆ. ಸರಿಯಾದ ಲೆಕ್ಕದಲ್ಲಿ ಪಡೆದ ಅಂಕ 840ನ್ನು ಒಟ್ಟು 1250ರಿಂದ ಭಾಗಿಸಬೇಕು, ಆಗ ಬರುವುದು 67.20. ಈ ಉದಾಹರಣೆಯಲ್ಲಿ ತಪ್ಪು ಲೆಕ್ಕದಿಂದ ನಿಮಗೇ ನಷ್ಟ. ಅಂಕಗಳು ತಿರುವುಮುರುವಾಗಿದ್ದರೆ ಇಲ್ಲದ ಅಂಕ ಹೇಳಿಕೊಂಡ ಆರೋಪ ಬರುತ್ತದೆ.

59.96 ಬಂದರೆ 60 ಎಂದು ಬರೆಯಬೇಡಿ. ಕನಿಷ್ಠ ಶೇ. 60 ಕೇಳಿದ ಕಡೆ ಆ ಹೆಚ್ಚಳವೇ ಅರ್ಜಿ ತಿರಸ್ಕರಿಸಲು ಸಾಕು. ಗ್ರೇಡ್ ಪಾಯಿಂಟ್ ಇದ್ದರೆ ಶೇಕಡಾಕ್ಕೆ ಬದಲಿಸುವ ಸೂತ್ರ ನಿಮ್ಮ ವಿಶ್ವವಿದ್ಯಾಲಯದ್ದೇ ಆಗಿರಬೇಕು. ಸ್ನೇಹಿತರ ವಿಶ್ವವಿದ್ಯಾಲಯದ ಸೂತ್ರ ನಿಮಗೆ ನಡೆಯದು. ಸಾಮಾನ್ಯವಾಗಿ ಅಂಕಪಟ್ಟಿಯ ಹಿಂಬದಿಯಲ್ಲೋ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲೋ ಅದು ಇರುತ್ತದೆ. ಅಲ್ಲಿ ಇಲ್ಲದಿದ್ದರೆ ಪರೀಕ್ಷಾ ವಿಭಾಗದಿಂದ ಬರೆಸಿಕೊಳ್ಳಿ.

‘ಕನಿಷ್ಠ 4 ವರ್ಷ ಅನುಭವ’ ಕೇಳಿದ್ದಾರೆ. ನಾನು 2019ರಿಂದ 2023ರವರೆಗೆ ಎರಡು ಕಡೆ ಕೆಲಸ ಮಾಡಿದ್ದೇನೆ. ನಾಲ್ಕು ವರ್ಷ ಆಯಿತಲ್ಲ?

ತಿಂಗಳು, ದಿನಾಂಕ ಹಾಕಿ ನೋಡದೆ ಹೇಳಲಾಗದು. ಮೊದಲ ಕೆಲಸ 2019ರ ಜೂನ್ 10ರಿಂದ 2021ರ ಸೆಪ್ಟೆಂಬರ್ 9ರವರೆಗೆ ಎಂದುಕೊಳ್ಳಿ: 2 ವರ್ಷ 3 ತಿಂಗಳು. ಎರಡನೆಯದು 2021ರ ಡಿಸೆಂಬರ್ 1ರಿಂದ 2023ರ ಜುಲೈ 31ರವರೆಗೆ: 1 ವರ್ಷ 8 ತಿಂಗಳು. ಒಟ್ಟು 3 ವರ್ಷ 11 ತಿಂಗಳು. ಇಸವಿ ನೋಡಿದರೆ ನಾಲ್ಕು ವರ್ಷ, ಲೆಕ್ಕ ಹಾಕಿದರೆ ಒಂದು ತಿಂಗಳು ಕಡಿಮೆ. ಒಂದೇ ಅವಧಿಯಲ್ಲಿ ಎರಡು ಕಡೆ ದುಡಿದಿದ್ದರೆ ಆ ಅವಧಿಯನ್ನು ಎರಡು ಸಲ ಎಣಿಸುವಂತಿಲ್ಲ. ಅನುಭವವನ್ನು ಯಾವ ದಿನಾಂಕದವರೆಗೆ ಎಣಿಸುತ್ತಾರೆ ಎಂಬುದನ್ನೂ ಜಾಹೀರಾತಿನಲ್ಲಿ ಹುಡುಕಿ. ಅರ್ಜಿಯ ಕಡೇ ದಿನವೇ ಆಗಿರಬಹುದು, ಅದಕ್ಕಿಂತ ಹಿಂದಿನ ಬೇರೆ ದಿನವೂ ಆಗಿರಬಹುದು.

ಸೇರಿದ ದಿನ ಮತ್ತು ಬಿಟ್ಟ ದಿನವನ್ನು ನೆನಪಿನಿಂದ ಬರೆಯದೆ ನೇಮಕಾತಿ ಪತ್ರ, ಬಿಡುಗಡೆ ಪತ್ರ ಎದುರಿಗಿಟ್ಟುಕೊಂಡು ಬರೆಯಿರಿ. ಹಿಂದಿನ ಸಂಸ್ಥೆಗೆ ಫೋನು ಮಾಡಿ ವಿಚಾರಿಸುವವರು ಮೊದಲು ಕೇಳುವುದೇ ಈ ಎರಡು ದಿನಾಂಕಗಳನ್ನು.

ಮಕ್ಕಳ ಆರೈಕೆಗಾಗಿ ಆರು ವರ್ಷ ಕೆಲಸ ಬಿಟ್ಟಿದ್ದೆ. ಈ ಅಂತರವನ್ನು ಮುಚ್ಚುವುದು ಹೇಗೆ?

ಮುಚ್ಚಬೇಡಿ. ದಿನಾಂಕಗಳನ್ನು ಅಳಿಸಿ ಇಸವಿಗಳನ್ನಷ್ಟೇ ಉಳಿಸಿದರೂ ಆರು ವರ್ಷ ಅಡಗುವುದಿಲ್ಲ, ಅನುಮಾನವೊಂದು ಹೆಚ್ಚಾಗುತ್ತದೆ. ಉದ್ಯೋಗದ ಪಟ್ಟಿಯಲ್ಲೇ ಆ ಅವಧಿಗೂ ಒಂದು ಸಾಲು ಕೊಡಿ: ‘2018 ಮಾರ್ಚ್ – 2024 ಫೆಬ್ರುವರಿ: ಕುಟುಂಬದ ಆರೈಕೆಗಾಗಿ ವೃತ್ತಿಯಿಂದ ಬಿಡುವು.’ ವಿವರಣೆ ಇಷ್ಟೇ ಸಾಕು. ಕ್ಷಮೆ ಕೇಳುವ ಧಾಟಿ ಬೇಡ, ಮಕ್ಕಳ ವಯಸ್ಸು, ಮನೆಯ ಪರಿಸ್ಥಿತಿಯ ವಿವರವೂ ಬೇಡ. ಆರೈಕೆ ಮಾಡಿದ್ದು ತಪ್ಪೇನಲ್ಲ.

ಅವರಿಗೆ ನಿಜವಾಗಿ ಇರುವ ಪ್ರಶ್ನೆ ಬೇರೆ: ಈಗ ಕೆಲಸ ಬರುತ್ತದೆಯೇ? ಅದಕ್ಕೆ ಉತ್ತರ ಕೊಡಿ. ಆ ಅವಧಿಯಲ್ಲಿ ಮುಗಿಸಿದ ಕೋರ್ಸು, ಬಿಡಿ ಕೆಲಸ, ಸಂಘವೊಂದರ ಲೆಕ್ಕಪತ್ರ ನೋಡಿಕೊಂಡದ್ದು, ನವೀಕರಿಸಿಕೊಂಡ ಪರವಾನಗಿ, ಇವೆಲ್ಲ ಸಂಬಳವಿಲ್ಲದವಾದರೂ ಲೆಕ್ಕಕ್ಕೆ ಬರುತ್ತವೆ. ಸಂಬಳವಿಲ್ಲದ್ದು ಎಂದು ಅಲ್ಲೇ ಸ್ಪಷ್ಟವಾಗಿ ಬರೆಯಿರಿ. ಏನೂ ಇಲ್ಲವಾದರೆ ಅರ್ಜಿ ಹಾಕುವ ಮುಂಚೆ ಆ ಕೆಲಸದಲ್ಲಿ ಈಗ ಬಳಕೆಯಲ್ಲಿರುವ ತಂತ್ರಾಂಶವೊಂದನ್ನಾದರೂ ಕಲಿತು ಅದರ ಹೆಸರು ಹಾಕಿ.

‘ಈ ಹುದ್ದೆಗೆ ನೀವು ಹೇಗೆ ಸೂಕ್ತ? 1000 ಅಕ್ಷರಗಳಲ್ಲಿ ಬರೆಯಿರಿ’ ಎಂಬಲ್ಲಿ ಬರೆಯಲು ಕೂತರೆ ಏನೂ ತೋಚುವುದಿಲ್ಲ. ಕನ್ನಡದಲ್ಲಿ ಬರೆದರೆ ಬೇಗ ಜಾಗ ಮುಗಿದುಹೋಗುತ್ತದೆ, ಏಕೆ?

ಜಾಗದ ವಿಷಯ ಮೊದಲು. ಕಂಪ್ಯೂಟರ್ ಎಣಿಸುವುದು ನಾವು ಬರೆಯುವ ಅಕ್ಷರಗಳನ್ನಲ್ಲ, ಯೂನಿಕೋಡ್ ಸಂಕೇತಗಳನ್ನು, ಅಂದರೆ ಲಿಪಿಯ ಒಂದೊಂದು ಬಿಡಿಭಾಗಕ್ಕೂ ಕಂಪ್ಯೂಟರಿನಲ್ಲಿ ಗೊತ್ತುಮಾಡಿದ ಸಂಖ್ಯೆಗಳನ್ನು. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಅದರೊಳಗೆ ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಆ ಚಿಹ್ನೆ, ರ, ದೀರ್ಘದ ಗುರುತು ಹೀಗೆ ಆರು ಸಂಕೇತಗಳಿವೆ. ಪದಗಳ ನಡುವಿನ ಖಾಲಿ ಜಾಗ, ವಿರಾಮಚಿಹ್ನೆ, ಹೊಸ ಸಾಲಿಗೆ ಹೋದದ್ದು ಎಲ್ಲವೂ ಎಣಿಕೆಯಲ್ಲಿ ಸೇರುತ್ತವೆ. ಇನ್ನು ಕೆಲವು ವ್ಯವಸ್ಥೆಗಳು ಬೈಟ್‌ಗಳಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಹಿಡಿಯುವ ಜಾಗದ ಅಳತೆಯಲ್ಲಿ ಎಣಿಸುತ್ತವೆ. ಯೂನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್–8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಹಾಗಾಗಿ ‘ಸ್ತ್ರೀ’ 18 ಬೈಟ್ ತಿನ್ನುತ್ತದೆ. ಇದರಿಂದ ನೀವು ಮಾಡಬೇಕಾದದ್ದು ಇಷ್ಟು: ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪು ಮಾಡಿ ಅಂಟಿಸಬೇಡಿ, ಅದು ಆ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ತಲುಪುತ್ತದೆ. ಬರೆದದ್ದನ್ನು ಪೆಟ್ಟಿಗೆಗೆ ಅಂಟಿಸಿದ ಮೇಲೆ ಕೊನೆಯ ವಾಕ್ಯ ಪೂರ್ತಿ ಇದೆಯೇ ಎಂದು ನೋಡಿ. ಎಷ್ಟೋ ನಮೂನೆಗಳು ಮಿತಿ ಮೀರಿದ್ದನ್ನು ಹೇಳದೆ ಕೇಳದೆ ಕತ್ತರಿಸುತ್ತವೆ.

ಈಗ ಬರಹದ ಮಾತು. ಅರ್ಜಿಯಲ್ಲಿ ಇಷ್ಟು ತೂಕದ ಕಾಲಂ ಇನ್ನೊಂದಿಲ್ಲ, ಆದರೆ ಹೆಚ್ಚಿನವರು ಇದನ್ನು ಕೊನೆಗೆ, ದಣಿದ ಮೇಲೆ ತುಂಬುತ್ತಾರೆ. ಸಾಮಾನ್ಯವಾಗಿ ಕಾಣುವುದು ಹೀಗಿರುತ್ತದೆ:

‘ನಾನು ಶ್ರಮಜೀವಿ. ತಂಡದಲ್ಲಿ ಹೊಂದಿಕೊಂಡು ಕೆಲಸ ಮಾಡುತ್ತೇನೆ. ಎಂಥ ಒತ್ತಡವನ್ನೂ ನಿಭಾಯಿಸಬಲ್ಲೆ. ಅವಕಾಶ ಕೊಟ್ಟರೆ ಸಂಸ್ಥೆಯ ಏಳಿಗೆಗೆ ದುಡಿಯುತ್ತೇನೆ.’

ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೆ ಪಟ್ಟಿ ಹಿಡಿದು ಕೂತವರಿಗೆ ಗುರುತು ಹಾಕಲು ಇದರಲ್ಲಿ ಒಂದು ಸಾಲೂ ಸಿಗದು, ಏಕೆಂದರೆ ಇದನ್ನು ಯಾರು ಬೇಕಾದರೂ ಯಾವ ಕೆಲಸಕ್ಕೆ ಬೇಕಾದರೂ ಬರೆಯಬಹುದು. ಉಗ್ರಾಣದ ಸಹಾಯಕ ಹುದ್ದೆಯೊಂದಕ್ಕೆ ‘ದಾಸ್ತಾನು ದಾಖಲೆಯಲ್ಲಿ ನಿಖರತೆ, ಸಮಸ್ಯೆ ಬಿಡಿಸುವ ಸಾಮರ್ಥ್ಯ’ ಕೇಳಿದ್ದಾರೆ ಎಂದಿಟ್ಟುಕೊಂಡು, ಮಾದರಿಗಾಗಿ ಇದನ್ನು ನೋಡಿ:

‘ಈಗಿನ ಉಗ್ರಾಣದಲ್ಲಿ ದಿನಕ್ಕೆ ಸುಮಾರು 80 ಸರಕು ರಸೀದಿಗಳನ್ನು ದಾಖಲಿಸುತ್ತೇನೆ. ತಿಂಗಳ ಕೊನೆಯ ಎಣಿಕೆಯಲ್ಲಿ ಪುಸ್ತಕಕ್ಕೂ ದಾಸ್ತಾನಿಗೂ ತಾಳೆಯಾಗುತ್ತಿರಲಿಲ್ಲ. ರಸೀದಿಗಳನ್ನು ಸಂಜೆ ಒಟ್ಟಿಗೆ ಬರೆಯುತ್ತಿದ್ದುದರಿಂದ ಕೆಲವು ಬಿಟ್ಟುಹೋಗುತ್ತಿದ್ದವು. ಸರಕು ಇಳಿಸುವ ಜಾಗದಲ್ಲೇ ದಾಖಲಿಸುವ ಕ್ರಮವನ್ನು ಮೇಲ್ವಿಚಾರಕರ ಒಪ್ಪಿಗೆ ಪಡೆದು ಆರಂಭಿಸಿದೆ. ಎರಡು ತಿಂಗಳಲ್ಲಿ ತಾಳೆಯಾಗದ ವಸ್ತುಗಳು 40ರಿಂದ 6ಕ್ಕೆ ಇಳಿದವು.’

ಇಲ್ಲಿ ಬಡಾಯಿಯ ಪದ ಒಂದೂ ಇಲ್ಲ, ‘ನಿಖರತೆ’ ಎಂಬ ಪದವೂ ಇಲ್ಲ. ಆದರೂ ಎರಡು ಅರ್ಹತೆಗಳಿಗೂ ಆಧಾರ ಸಿಕ್ಕಿತು. ಎಂಥ ಪರಿಸ್ಥಿತಿ, ನೀವು ಮಾಡಬೇಕಿದ್ದುದೇನು, ಮಾಡಿದ್ದೇನು, ಆಮೇಲೆ ಏನಾಯಿತು ಎಂಬ ನಾಲ್ಕೂ ಇವೆ. ‘ನಾವು ಮಾಡಿದೆವು’ ಎನ್ನದೆ ‘ಆರಂಭಿಸಿದೆ’ ಎಂದಿರುವುದನ್ನೂ ಗಮನಿಸಿ. ಹತ್ತು ಜನ ಸೇರಿ ಮಾಡಿದ ಕೆಲಸದಲ್ಲಿ ನಿಮ್ಮ ಪಾಲು ಯಾವುದು ಎಂದು ಓದುವವರಿಗೆ ತಿಳಿಯಬೇಕು. ವಿನಯಕ್ಕಾಗಿ ‘ನಾವು’ ಎಂದು ಬರೆದು ತಮ್ಮ ಕೆಲಸವನ್ನೇ ಕಳೆದುಕೊಳ್ಳುವವರು ಬಹಳ. ಹಾಗೆಯೇ, ನೀವು ಮಾಡದ್ದನ್ನು ನಿಮ್ಮದೆಂದು ಹಾಕಿಕೊಂಡರೆ ಸಂದರ್ಶನದ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ಮೊದಲೇ ಹೇಳಿದ ಎರಡು ಭಾಗದ ಹಾಳೆ ತೆಗೆಯಿರಿ. ಕಡ್ಡಾಯ ಅರ್ಹತೆಗಳನ್ನು ಅವರು ಕೊಟ್ಟ ಕ್ರಮದಲ್ಲೇ ತೆಗೆದುಕೊಂಡು ಒಂದೊಂದಕ್ಕೂ ಮೂರು ನಾಲ್ಕು ವಾಕ್ಯ ಬರೆಯಿರಿ. ಜಾಗ ಸಾಲದಿದ್ದರೆ ಗುಣವಾಚಕಗಳನ್ನು ಮೊದಲು ಹೊಡೆದುಹಾಕಿ, ಆಮೇಲೆ ಪೀಠಿಕೆಯನ್ನು. ಅಂಕಿಗಳನ್ನು ಮಾತ್ರ ಬಿಡಬೇಡಿ. ಕೆಲಸದ ಅನುಭವವೇ ಇಲ್ಲದ ಹೊಸಬರು ಕಾಲೇಜಿನ ಪ್ರಾಜೆಕ್ಟು, ತರಬೇತಿ, ಸ್ವಯಂಸೇವೆ ಇವುಗಳಿಂದ ಇದೇ ರೀತಿ ಬರೆಯಬಹುದು.

ಇದನ್ನೆಲ್ಲ ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಬರೆಸಿದರೆ?

ವ್ಯಾಕರಣ ತಿದ್ದಲು, ಉದ್ದ ಇಳಿಸಲು ಬಳಸಬಹುದು, ಸಂಸ್ಥೆ ಅದನ್ನು ನಿಷೇಧಿಸಿರದಿದ್ದರೆ. ಖಾಲಿ ಕೈಯಲ್ಲಿ ಹೋಗಿ ‘ಬರೆದುಕೊಡು’ ಎಂದರೆ ಮೇಲಿನ ಮೊದಲ ಮಾದರಿಯಂಥದ್ದೇ, ಇನ್ನಷ್ಟು ನಯವಾಗಿ ಬರುತ್ತದೆ. ನೀವು ಮಾಡದ ಕೆಲಸವನ್ನೂ ಸೇರಿಸಿಬಿಡುತ್ತದೆ. ಬರೆದವರು ಯಾರೇ ಆಗಲಿ, ಕೊನೆಗೆ ಸಹಿ ಹಾಕುವವರು ನೀವು.

ಸ್ವವಿವರವನ್ನು ಮನುಷ್ಯರು ನೋಡುವುದೇ ಇಲ್ಲ, ತಂತ್ರಾಂಶವೇ ಓದಿ ತಿರಸ್ಕರಿಸುತ್ತದೆ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ದೊಡ್ಡ ಸಂಸ್ಥೆಗಳು ಅರ್ಜಿಗಳನ್ನು ಒಂದು ತಂತ್ರಾಂಶದಲ್ಲಿ ಸಂಗ್ರಹಿಸುತ್ತವೆ. ಅದು ನಿಮ್ಮ ಕಡತದಿಂದ ಹೆಸರು, ಹುದ್ದೆ, ದಿನಾಂಕಗಳನ್ನು ಹೆಕ್ಕಿ ಕಾಲಂಗಳಿಗೆ ಹಾಕುತ್ತದೆ, ನೇಮಕ ಮಾಡುವವರು ಅದರಲ್ಲಿ ಪದಗಳನ್ನು ಕೊಟ್ಟು ಹುಡುಕುತ್ತಾರೆ. ಕೂಡಲೇ ತಿರಸ್ಕಾರವಾಗುವುದು ಹೆಚ್ಚಾಗಿ ಸ್ವವಿವರದಿಂದಲ್ಲ, ಅರ್ಜಿಯಲ್ಲಿನ ‘ಹೌದು / ಇಲ್ಲ’ ಪ್ರಶ್ನೆಗಳಿಂದ. ಕೆಲಸ ಮಾಡಲು ಕಾನೂನುಬದ್ಧ ಅನುಮತಿ ಇದೆಯೇ, ಇಂಥ ಪರವಾನಗಿ ಇದೆಯೇ, ಕನಿಷ್ಠ ಇಷ್ಟು ವರ್ಷ ಅನುಭವವಿದೆಯೇ ಎಂಬವನ್ನು ಆತುರದಲ್ಲಿ ತಪ್ಪಾಗಿ ಒತ್ತಿದರೆ ಅರ್ಜಿ ಅಲ್ಲಿಗೇ ಮುಗಿಯಬಹುದು. ಒಂದೊಂದನ್ನೂ ಎರಡು ಸಲ ಓದಿ. ‘ವೀಸಾ ಪ್ರಾಯೋಜಕತ್ವ ಬೇಕೇ?’ ಎಂಬುದಕ್ಕೆ ‘ಇಲ್ಲ’ ಎನ್ನಬೇಕಾದವರು ಹಿಂದಿನ ಪ್ರಶ್ನೆಗಳ ಓಘದಲ್ಲಿ ‘ಹೌದು’ ಒತ್ತುವುದುಂಟು.

ಹೆಕ್ಕುವಾಗ ತಂತ್ರಾಂಶ ಎಡವುವುದು ಎರಡು ಅಂಕಣದ ವಿನ್ಯಾಸ, ಕೋಷ್ಟಕ, ಪುಟದ ಮೇಲಂಚಿನಲ್ಲಿ ಇಟ್ಟ ಫೋನ್ ನಂಬರು, ಚಿತ್ರದೊಳಗಿನ ಅಕ್ಷರಗಳಲ್ಲಿ. ಒಂದೇ ಅಂಕಣ, ಸರಳ ಶೀರ್ಷಿಕೆಗಳು ಸಾಕು. ನಿಮ್ಮ ಪಿಡಿಎಫ್ ತೆರೆದು ಅಕ್ಷರಗಳ ಮೇಲೆ ಮೌಸ್ ಎಳೆಯಿರಿ, ಆಯ್ಕೆಯಾದದ್ದನ್ನು ನೋಟ್‌ಪ್ಯಾಡಿಗೆ ಅಂಟಿಸಿ. ಅಲ್ಲಿ ಸಾಲುಗಳು ಕ್ರಮವಾಗಿ ಬಂದರೆ ತಂತ್ರಾಂಶಕ್ಕೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಏನೂ ಆಯ್ಕೆಯಾಗದಿದ್ದರೆ ಅದು ಬರೀ ಚಿತ್ರ. ಸ್ವವಿವರ ಅಪ್‌ಲೋಡ್ ಮಾಡಿದ ಮೇಲೆ ತಾನಾಗಿ ತುಂಬಿಕೊಂಡ ಕಾಲಂಗಳನ್ನು ಒಂದೊಂದಾಗಿ ಪರಿಶೀಲಿಸಿ, ಸೇರಿದ ದಿನ ಬಿಟ್ಟ ದಿನಗಳು ಅದಲುಬದಲಾಗುವುದು ಸಾಮಾನ್ಯ. ಜಾಹೀರಾತಿನ ಪದಗಳನ್ನು ಬಿಳಿ ಬಣ್ಣದಲ್ಲಿ ಅಡಗಿಸಿಡುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಹೆಕ್ಕಿದ ಪಠ್ಯದಲ್ಲಿ ಬಣ್ಣವೇ ಇರುವುದಿಲ್ಲ, ಅಡಗಿಸಿದ್ದೆಲ್ಲ ಎದ್ದು ಕಾಣುತ್ತದೆ.

ಫೋಟೊ, ಸಹಿ ಅಪ್‌ಲೋಡ್ ಆಗುವುದೇ ಇಲ್ಲ. ಗಾತ್ರ ಹೆಚ್ಚು ಎನ್ನುತ್ತದೆ, ಇಳಿಸಿದರೆ ಮಸುಕಾಗುತ್ತದೆ.

ಗಾತ್ರ ಎಂಬುದರಲ್ಲಿ ಎರಡು ಅಳತೆಗಳಿವೆ: ಚಿತ್ರದ ಅಗಲ ಎತ್ತರ, ಅಂದರೆ ಪಿಕ್ಸೆಲ್, ಕಡತದ ತೂಕ, ಅಂದರೆ ಕೆಬಿ. ಮೊಬೈಲಿನ ಫೋಟೊ ಸಾವಿರಾರು ಪಿಕ್ಸೆಲ್ ಅಗಲವಿರುತ್ತದೆ. ಅದನ್ನು ಹಾಗೇ ಇಟ್ಟು ಕೆಬಿ ಮಾತ್ರ ಹಿಂಡಿದರೆ ಮುಖವೆಲ್ಲ ಚೌಕಚೌಕವಾಗುತ್ತದೆ. ಮೊದಲು ಕತ್ತರಿಸಿ, ಆಮೇಲೆ ಪಿಕ್ಸೆಲ್ ಇಳಿಸಿ, ಕೊನೆಗೆ ಬೇಕಿದ್ದರೆ ಮಾತ್ರ ಗುಣಮಟ್ಟ ಇಳಿಸಿ. 35 × 45 ಮಿಲಿಮೀಟರ್ ಫೋಟೊ ಇಂಚಿಗೆ 300 ಚುಕ್ಕೆಯಂತೆ 413 × 531 ಪಿಕ್ಸೆಲ್ ಆಗುತ್ತದೆ, ಅಷ್ಟಿದ್ದರೆ ಕೆಬಿ ತಾನಾಗಿ ಇಳಿದಿರುತ್ತದೆ. ಜೆಪೆಗ್ ಕಡತವನ್ನು ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಸ್ವಲ್ಪ ಸ್ವಲ್ಪ ವಿವರ ಕಳೆದುಹೋಗುತ್ತದೆ, ಆದ್ದರಿಂದ ಪ್ರತಿ ಪ್ರಯತ್ನವನ್ನೂ ಮೂಲ ಫೋಟೊದಿಂದಲೇ ಆರಂಭಿಸಿ.

ಸಹಿಯನ್ನು ಗೆರೆಯಿಲ್ಲದ ಬಿಳಿ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ದೊಡ್ಡದಾಗಿ ಹಾಕಿ, ಕಿಟಕಿಯ ಬೆಳಕಿನಲ್ಲಿ ನೇರ ಮೇಲಿನಿಂದ ಚಿತ್ರ ತೆಗೆದು, ಸುತ್ತಲಿನ ಖಾಲಿ ಜಾಗ ಕತ್ತರಿಸಿ. ಹಾಳೆಯ ಮೇಲೆ ಕೈಯ ನೆರಳು ಬಿದ್ದರೆ ಮೂಲೆ ಬೂದುಬಣ್ಣವಾಗಿ ಸಹಿ ಮಂಕಾಗುತ್ತದೆ. ಎ4 ಅಂಕಪಟ್ಟಿಗಳಿಗೆ ಇಂಚಿಗೆ 200 ಚುಕ್ಕೆ ಸಾಮಾನ್ಯವಾಗಿ ಸಾಕು. ಕಡತದ ಹೆಸರು ‘ಸ್ಕ್ಯಾನ್ 001’ ಎಂದಿರದೆ ನಿಮ್ಮ ಹೆಸರು ಮತ್ತು ದಾಖಲೆಯ ಹೆಸರಾಗಿರಲಿ. ನಮೂನೆ ಒಪ್ಪದಿದ್ದರೆ ಹೆಸರಿನಲ್ಲಿರುವ ಖಾಲಿ ಜಾಗ, ಚುಕ್ಕೆಗಳನ್ನು ತೆಗೆದು ನೋಡಿ. ಅಪ್‌ಲೋಡ್ ಮಾಡಿದ ಮೇಲೆ ಅಲ್ಲೇ ಒಮ್ಮೆ ತೆರೆದು ನೋಡಿ. ಫೋಟೊದ ಜಾಗದಲ್ಲಿ ಸಹಿ, ಸಹಿಯ ಜಾಗದಲ್ಲಿ ಫೋಟೊ ಹೋಗುವುದು ಅಪರೂಪವೇನಲ್ಲ.

ಹಿಂದಿನ ಕೆಲಸದಿಂದ ನನ್ನನ್ನು ತೆಗೆದುಹಾಕಿದ್ದರು. ‘ಕೆಲಸ ಬಿಟ್ಟ ಕಾರಣ’ ಕಾಲಂನಲ್ಲಿ ರಾಜೀನಾಮೆ ಎಂದು ಬರೆಯಬಹುದೇ?

ಬರೆಯಬಾರದು. ಅರ್ಜಿಯ ಕೊನೆಯಲ್ಲಿ ‘ಮೇಲಿನ ಮಾಹಿತಿಯೆಲ್ಲ ಸತ್ಯ’ ಎಂಬ ಘೋಷಣೆಗೆ ಸಹಿ ಹಾಕುತ್ತೀರಿ. ಸುಳ್ಳು ತಿಳಿದರೆ ಕೆಲಸಕ್ಕೆ ಸೇರಿ ಎಷ್ಟೋ ಕಾಲವಾದ ಮೇಲೂ ಅದೊಂದೇ ಕಾರಣಕ್ಕೆ ತೆಗೆಯಬಹುದು. ಆದರೆ ಕೇಳಿದ್ದಕ್ಕಿಂತ ಹೆಚ್ಚು ಹೇಳುವ ಹಂಗೂ ಇಲ್ಲ. ಹುದ್ದೆ ರದ್ದಾಗಿ ಹೋದದ್ದಾದರೆ ‘ಹುದ್ದೆ ರದ್ದಾಯಿತು’, ಗುತ್ತಿಗೆ ಮುಗಿದಿದ್ದರೆ ‘ಗುತ್ತಿಗೆ ಅವಧಿ ಮುಗಿಯಿತು’ ಎಂದಷ್ಟೇ ಬರೆಯಿರಿ, ಇವೆರಡರಲ್ಲೂ ಕಳಂಕವಿಲ್ಲ. ನಿಮ್ಮ ತಪ್ಪಿನಿಂದಲೇ ಆಗಿದ್ದರೆ ‘ಸೇವೆಯಿಂದ ಬಿಡುಗಡೆ ಮಾಡಲಾಯಿತು, ಸಂದರ್ಶನದಲ್ಲಿ ವಿವರಿಸುತ್ತೇನೆ’ ಎಂದು ಬರೆದು, ಆಮೇಲೆ ನೀವು ಏನನ್ನು ಬದಲಿಸಿಕೊಂಡಿರಿ ಎಂಬುದಕ್ಕೆ ಎರಡು ವಾಕ್ಯ ಸಿದ್ಧವಿಟ್ಟುಕೊಳ್ಳಿ. ಹಳೆಯ ಮೇಲಧಿಕಾರಿಯ ದೂರು ಈ ಕಾಲಂನಲ್ಲಿ ಬೇಡವೇ ಬೇಡ. ನ್ಯಾಯ ನಿಮ್ಮ ಕಡೆಗಿದ್ದರೂ ಓದುವವರಿಗೆ ಅದು ತಿಳಿಯುವ ಬಗೆಯಿಲ್ಲ.

ಶಿಸ್ತುಕ್ರಮ, ಅಪರಾಧ ಪ್ರಕರಣಗಳ ಕುರಿತ ಪ್ರಶ್ನೆಗಳಲ್ಲಿ ಪ್ರತಿ ಪದವೂ ಮುಖ್ಯ. ‘ಶಿಕ್ಷೆಯಾಗಿದೆಯೇ’ ಎಂಬುದು ಒಂದು, ‘ಪ್ರಕರಣ ಬಾಕಿ ಇದೆಯೇ’ ಎಂಬುದು ಇನ್ನೊಂದು, ‘ಎಂದಾದರೂ ಬಂಧನವಾಗಿತ್ತೇ’ ಎಂಬುದು ಬೇರೆಯೇ. ಯಾವುದನ್ನು ಕೇಳಿದ್ದಾರೋ ಅದಕ್ಕೆ ಮಾತ್ರ ನೇರ ಉತ್ತರ. ಗೊಂದಲವಿದ್ದರೆ ವಕೀಲರನ್ನು ಕೇಳಿ, ಆಮೇಲೆ ತುಂಬಿ.

ಈಗಿನ ಸಂಬಳ, ನಿರೀಕ್ಷಿತ ಸಂಬಳ?

ತಿಂಗಳಿನದೋ ವರ್ಷದ್ದೋ, ಒಟ್ಟು ಸಂಬಳವೋ ಕಡಿತದ ನಂತರ ಕೈಗೆ ಬರುವುದೋ ಎಂದು ಕಾಲಂ ಓದಿ ತಿಳಿದುಕೊಳ್ಳಿ. ಅದನ್ನು ತಿಳಿಯದೆ ಬರೆದ ಅಂಕಿ ಹನ್ನೆರಡು ಪಟ್ಟು ತಪ್ಪಾಗಬಹುದು. ಜಾಹೀರಾತಿನಲ್ಲಿ ವೇತನ ಶ್ರೇಣಿ ಇದ್ದರೆ ನಿರೀಕ್ಷೆ ಅದರೊಳಗೇ ಇರಲಿ. ಅಕ್ಷರ ಹಿಡಿಯುವ ಕಾಲಂ ಆದರೆ ‘ಮಾತುಕತೆಗೆ ಸಿದ್ಧ’ ಎನ್ನಬಹುದು. ಅಂಕಿಯೇ ಬೇಕೆಂದರೆ 0 ಹಾಕಿ ತಪ್ಪಿಸಿಕೊಳ್ಳಬೇಡಿ, ಸಂಬಳದ ಮಿತಿ ಹಾಕಿ ಸೋಸುವಾಗ ಅದು ಏನಾಗುತ್ತದೋ ನಿಮ್ಮ ಕೈಯಲ್ಲಿಲ್ಲ. ಈಗಿನ ಸಂಬಳವನ್ನು ಹೆಚ್ಚಿಸಿ ಹೇಳಬೇಡಿ, ಸಂಬಳ ಚೀಟಿ ಕೇಳುತ್ತಾರೆ.

ರೆಫರೆನ್ಸ್‌ಗೆ ಯಾರ ಹೆಸರು ಕೊಡಬೇಕು?

ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರದು: ನೇರ ಮೇಲ್ವಿಚಾರಕರು, ಪ್ರಾಜೆಕ್ಟ್ ಮಾರ್ಗದರ್ಶಕರು. ಸಂಬಂಧಿಕರು ಬೇಡ. ದೊಡ್ಡ ಹುದ್ದೆಯಲ್ಲಿದ್ದು ನಿಮ್ಮ ಹೆಸರು ಕೇಳಿದಾಗ ನೆನಪು ಮಾಡಿಕೊಳ್ಳಬೇಕಾದವರೂ ಬೇಡ. ಹೆಸರು ಹಾಕುವ ಮುಂಚೆ ಅವರಿಗೆ ಫೋನು ಮಾಡಿ ಒಪ್ಪಿಗೆ ಕೇಳಿ, ಯಾವ ಹುದ್ದೆ ಎಂದು ಹೇಳಿ, ಜಾಹೀರಾತಿನ ಪ್ರತಿ ಮತ್ತು ನಿಮ್ಮ ಅರ್ಜಿಯ ಪ್ರತಿ ಕಳಿಸಿ. ಈಗಿನ ಸಂಸ್ಥೆಗೆ ನೀವು ಹೊರಡುವುದು ಇನ್ನೂ ಗೊತ್ತಿಲ್ಲವಾದರೆ ‘ಸಂಪರ್ಕಿಸುವ ಮುನ್ನ ನನಗೆ ತಿಳಿಸಿ’ ಎಂಬ ಆಯ್ಕೆಗೆ ಗುರುತು ಹಾಕಿ, ಆಯ್ಕೆ ಇಲ್ಲದಿದ್ದರೆ ಪಕ್ಕದಲ್ಲಿ ಬರೆಯಿರಿ.

ಕಡೇ ದಿನ ರಾತ್ರಿ ಶುಲ್ಕ ಕಟ್ಟಿದೆ. ಖಾತೆಯಿಂದ ಹಣ ಹೋಯಿತು, ಅರ್ಜಿಯಲ್ಲಿ ‘ಬಾಕಿ’ ಎಂದೇ ತೋರಿಸುತ್ತಿದೆ. ಮತ್ತೆ ಕಟ್ಟಬೇಕೇ?

ಗಾಬರಿಯಲ್ಲಿ ಕೂಡಲೇ ಮತ್ತೆ ಕಟ್ಟಬೇಡಿ. ಬ್ಯಾಂಕಿನಿಂದ ಹಣ ಹೊರಟರೂ ‘ಸಂದಾಯವಾಯಿತು’ ಎಂಬ ಸಂದೇಶ ಅರ್ಜಿಯ ಸರ್ವರಿಗೆ ತಲುಪದೆ ನಡುವೆ ನಿಂತಿರಬಹುದು. ವಹಿವಾಟಿನ ಸಂಖ್ಯೆ, ಸಮಯ, ಮೊತ್ತ ಬರೆದಿಟ್ಟುಕೊಂಡು ಪರದೆಯ ಚಿತ್ರ ತೆಗೆಯಿರಿ. ಹೊರಬಂದು ಮತ್ತೆ ಲಾಗಿನ್ ಆಗಿ ‘ಪಾವತಿ ಸ್ಥಿತಿ’ ಎಂಬ ಗುಂಡಿ ಇದೆಯೇ ನೋಡಿ, ಅದನ್ನು ಒತ್ತಿದರೆ ಎಷ್ಟೋ ಸಲ ಸರಿಹೋಗುತ್ತದೆ. ಸರಿಹೋಗದಿದ್ದರೆ ಆ ರಾತ್ರಿಯೇ ಸಹಾಯವಾಣಿಗೆ ಇಮೇಲ್ ಕಳಿಸಿ. ಗಡುವು ಮುಗಿಯುವ ಮುನ್ನ ನೀವು ತಿಳಿಸಿದ್ದಿರಿ ಎಂಬುದಕ್ಕೆ ಅದೇ ದಾಖಲೆ. ಗಡುವು ಇನ್ನೇನು ಮುಗಿಯುತ್ತಿದ್ದು ಸೂಚನೆಯಲ್ಲಿ ಎರಡನೇ ಸಲ ಕಟ್ಟಲು ಅವಕಾಶವಿದ್ದರೆ ಮಾತ್ರ ಮತ್ತೆ ಕಟ್ಟಿ.

ಕಡೇ ರಾತ್ರಿಗೆ ಇಟ್ಟುಕೊಂಡರೆ ಇಂಥ ತೊಡಕು ಬಿಡಿಸಿಕೊಳ್ಳಲು ಸಮಯವೇ ಇರದು. ಅಂದು ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಒಟಿಪಿ ತಡವಾಗಿ ಬರುತ್ತದೆ, ಪುಟ ಅವಧಿ ಮುಗಿದು ಹೊರಹಾಕುತ್ತದೆ. ಉದ್ದದ ಉತ್ತರಗಳನ್ನು ನಮೂನೆಯ ಪೆಟ್ಟಿಗೆಯಲ್ಲಿ ನೇರ ಟೈಪು ಮಾಡದೆ ಬೇರೆ ಕಡತದಲ್ಲಿ ಬರೆದು ಅಂಟಿಸುವುದು ಇದಕ್ಕಾಗಿಯೇ. ಗಡುವಿಗೆ ಮೂರು ದಿನ ಮುಂಚೆ ಕಳಿಸುವಂತೆ ಲೆಕ್ಕ ಹಾಕಿಕೊಳ್ಳಿ. ಹೊರದೇಶದ ಸಂಸ್ಥೆಯಾದರೆ 23:59 ಎಂಬುದು ಯಾವ ದೇಶದ ಗಡಿಯಾರದ್ದು ಎಂದು ನೋಡಿ.

ಕೆಲಸ ಕೊಡುವ ಖಾಸಗಿ ಸಂಸ್ಥೆ ‘ನೋಂದಣಿ ಶುಲ್ಕ’, ‘ತರಬೇತಿ ಠೇವಣಿ’ ಎಂದು ಯಾರದೋ ಸ್ವಂತ ಖಾತೆಗೆ ಹಣ ಕೇಳಿದರೆ ಕಟ್ಟಬೇಡಿ. ಅದು ಮೋಸದ ಗುರುತು.

ಅರ್ಜಿ ಕಳಿಸಿದ ಮೇಲೆ ತಪ್ಪು ಕಂಡಿತು. ಇನ್ನೊಂದು ಅರ್ಜಿ ಹಾಕಲೇ?

ತಿದ್ದುಪಡಿಗೆಂದೇ ಕೆಲವು ದಿನ ಕೊಡುವ ಸಂಸ್ಥೆಗಳಿವೆ, ಮೊದಲು ಅದನ್ನು ನೋಡಿ. ಇನ್ನೊಂದು ಅರ್ಜಿ ಹಾಕಿದರೆ ಕೆಲವು ಕಡೆ ಕೊನೆಯದನ್ನು ಪರಿಗಣಿಸುತ್ತಾರೆ, ಕೆಲವು ಕಡೆ ಎರಡನ್ನೂ ತಳ್ಳಿಹಾಕುತ್ತಾರೆ, ಹಾಗಾಗಿ ಸೂಚನೆ ಓದದೆ ಆ ದಾರಿಗೆ ಹೋಗಬೇಡಿ. ಎರಡೂ ಇಲ್ಲದಿದ್ದರೆ ಅರ್ಜಿ ಸಂಖ್ಯೆ, ಕಾಲಂನ ಹೆಸರು, ಈಗಿರುವುದು, ಇರಬೇಕಾದದ್ದು ಈ ನಾಲ್ಕನ್ನು ಬರೆದು, ದಾಖಲೆ ಲಗತ್ತಿಸಿ ಸಂಪರ್ಕ ವಿಳಾಸಕ್ಕೆ ಕಳಿಸಿ. ಜನ್ಮದಿನಾಂಕ, ಅರ್ಹತೆ, ಅನುಭವದಲ್ಲಿನ ತಪ್ಪನ್ನು ತಿಳಿದ ದಿನವೇ ತಿಳಿಸಬೇಕು. ಸ್ವಂತ ಹೇಳಿಕೆಯಲ್ಲಿ ಎಲ್ಲೋ ಒಂದು ಒತ್ತಕ್ಷರ ಬಿಟ್ಟುಹೋದದ್ದಕ್ಕೆ ಯಾರನ್ನೂ ತೊಂದರೆಪಡಿಸಬೇಡಿ.

‘ನೋಂದಣಿ ಯಶಸ್ವಿ’ ಎಂದರೆ ಅರ್ಜಿ ಸಲ್ಲಿಕೆಯಾಯಿತೆಂದಲ್ಲ ಎಂಬುದೂ ಗಮನದಲ್ಲಿರಲಿ. ಅದು ಖಾತೆ ತೆರೆದ ಸಂದೇಶವಷ್ಟೇ. ಅರ್ಜಿ ಸಂಖ್ಯೆಯೊಂದಿಗೆ ‘ಸಲ್ಲಿಸಲಾಗಿದೆ’ ಎಂದು ಬರಬೇಕು. ಆ ಪುಟವನ್ನು ಪಿಡಿಎಫ್ ಮಾಡಿ, ಜಾಹೀರಾತಿನ ಪ್ರತಿಯ ಜತೆಗೆ ಒಂದೇ ಕಡತಕೋಶದಲ್ಲಿಡಿ. ಗಡುವು ಮುಗಿದ ಮೇಲೆ ಜಾಹೀರಾತನ್ನು ತೆಗೆದುಹಾಕುವವರೇ ಹೆಚ್ಚು, ಸಂದರ್ಶನಕ್ಕೆ ಕರೆ ಬಂದಾಗ ಅವರು ಏನು ಕೇಳಿದ್ದರು, ನೀವು ಏನು ಬರೆದಿದ್ದಿರಿ ಎಂದು ನೋಡಲು ಆ ಎರಡೇ ಪ್ರತಿಗಳು ನಿಮ್ಮ ಕೈಯಲ್ಲಿರುತ್ತವೆ.